ಆರನೇ ನಿಮಿಷಕ್ಕೆ ಕಟ್ಟಾದ ಜಿಗ್

ಮಾದನಾಯಕನಹಳ್ಳಿ, ಹೊರಡುವ ಮುನ್ನ

ಐರ್ಲೆಂಡಿಗೆ ಹೋಗುತ್ತೇನೆ ಎಂದಾಗ ನಮ್ಮ ಬೀದಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾರಿದ್ದಾರೆ?" ಮಗಳಿದ್ದಾಳೆ, ಬಾಣಂತನಕ್ಕೆ ಹೊರಟಿದ್ದೇನೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಮಕ್ಕಳಿಲ್ಲ. ಯಾರೂ ಇಲ್ಲ ಎಂದರೆ, "ಮತ್ಯಾಕೆ ಹೋಗ್ತಿದೀರಾ?" ಎಂಬ ಮುಂದಿನ ಪ್ರಶ್ನೆ ರೆಡಿ. ಒಂದು ಸಿಳ್ಳೆಯ ಉಳಿದರ್ಧ ಕೇಳಿಕೊಂಡು ಬರುವುದಕ್ಕೆ ಎಂದು ನಿಜ ಹೇಳಿದ್ದರೆ, ಗಂಡ ಹೋದ ಮೇಲೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. "ಸುಮ್ನೆ, ನೋಡ್ಕೊಂಡು ಬರೋಣ ಅಂತ" ಎಂದು ಜಾರಿಕೊಂಡೆ. ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಶರಣಮ್ಮ ಯಾದಗಿರಿ ಕಡೆಯವಳು, ಹೆದ್ದಾರಿ ಪಕ್ಕದ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅವಳೊಬ್ಬಳು ಏನೂ ಕೇಳದೆ, "ಹೋಗಿ ಬರ್ರಿ ಅಕ್ಕಾರ, ಮನ್ಯಾಗ ಒಬ್ರ ಕುಂತು ಏನ್ ಮಾಡ್ತೀರಿ" ಎಂದಳು.

ನಾನು ಇಪ್ಪತ್ತೊಂಬತ್ತು ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ನಮ್ಮ ಮನೆಯವರು ಅದೇ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಫಿಟ್ಟರ್. ಹೆಸರು ವೀರಭದ್ರಪ್ಪ, ಶಾಪಿನಲ್ಲಿ ಎಲ್ಲರಿಗೂ ಈರಣ್ಣ, ಗದಗದ ಕಡೆಯವರು. ನಮ್ಮ ಮದುವೆಯ ಹಿಂದಿನ ವರ್ಷ ಇಂಗ್ಲೆಂಡಿನಿಂದ ದೊಡ್ಡದೊಂದು ಪ್ರೆಸ್ ಯಂತ್ರ ಬಂತು. ಅದನ್ನು ಕೂರಿಸಿ ಓಡಿಸಿಕೊಡಲು ಐರ್ಲೆಂಡಿನ ಡೆನಿಸ್ ಎಂಬ ಇಂಜಿನಿಯರ್ ಬಂದು ಮೂರು ತಿಂಗಳು ಇದ್ದರು. ಕೆಲಸ ಮಾಡುತ್ತ ಸಿಳ್ಳೆ ಹಾಕುವುದು ಅವರ ಅಭ್ಯಾಸ, ಹಾಕುತ್ತಿದ್ದುದು ಒಂದೇ ಮಟ್ಟು. ಅವರ ಊರಿನ ಪಿಟೀಲಿನ ಕುಣಿತದ ಮಟ್ಟಂತೆ, ಅದಕ್ಕೆ ಜಿಗ್ ಎನ್ನುತ್ತಾರಂತೆ. ಪೀಣ್ಯದಲ್ಲಿ ಜಿಗ್ ಎಂದರೆ ಕಬ್ಬಿಣ ಅಲುಗದಂತೆ ಹಿಡಿಯುವ ಸಾಧನ. ಕುಣಿಯುವ ಜಿಗ್ಗೂ ಇದೆ ಎಂದು ಕೇಳಿ ಶಾಪಿನವರೆಲ್ಲ ನಕ್ಕರು. ಮೂರು ಮೂರರ ನಡೆ, ತಕಿಟ ತಕಿಟ ಎಂದು ಓಡುವಂಥದ್ದು. ನಮ್ಮವರ ಅಪ್ಪ ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು, ಮಗನ ಕಿವಿ ಚುರುಕಾಗಿತ್ತು. ಹದಿನೈದೇ ದಿನದಲ್ಲಿ ಯಂತ್ರದ ಆ ಕಡೆ ಸಾಹೇಬರು, ಈ ಕಡೆ ನಮ್ಮವರು, ಇಬ್ಬರೂ ಸೇರಿ ಸಿಳ್ಳೆ ಶುರುವಾಯಿತು. ಆದರೆ ಸಾಹೇಬರಿಗೆ ನೆನಪಿದ್ದುದು ಮೊದಲ ಭಾಗ ಮಾತ್ರ. ಊರಿನಲ್ಲಿ ಪಿಟೀಲು ನುಡಿಸುವ ತಂಗಿಯಿದ್ದಾಳೆ, ಪ್ರತಿ ಶನಿವಾರ ಫೋನ್ ಮಾಡುತ್ತೇನಲ್ಲ, ಈ ಸಲ ಕೇಳೋಣ ಎಂದರು.

ಆ ಶನಿವಾರ ಲೈನು ಕೊಟ್ಟವಳು ನಾನೇ. ಮ್ಯಾನೇಜರ್ ಕೋಣೆಯ ಸ್ಪೀಕರ್ ಫೋನಿನ ಮುಂದೆ ಸಾಹೇಬರು ಕೂತಿದ್ದರು, ಬಾಗಿಲಲ್ಲಿ ನಮ್ಮವರು ಗ್ರೀಸಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ನಾನಿನ್ನೂ ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ಕಾರ್ಖಾನೆಗೆ ಇದ್ದದ್ದೇ ಎರಡು ಲೈನು, ಹೊರದೇಶದ ಕರೆ ಆರು ನಿಮಿಷ ದಾಟಬಾರದು ಎಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದರು. ಆ ತಂಗಿ ಅಣ್ಣನ ಆರೋಗ್ಯ, ಊಟ, ಬಿಸಿಲು ಎಲ್ಲ ವಿಚಾರಿಸುವಷ್ಟರಲ್ಲಿ ಐದು ನಿಮಿಷ ಕಳೆಯಿತು. ಆಮೇಲೆ ಪಿಟೀಲು ಕೇಳಿಸಿತು. ಅಷ್ಟರಲ್ಲಿ ಬೋರ್ಡಿನಲ್ಲಿ ಇನ್ನೊಂದು ದೀಪ ಮಿನುಗತೊಡಗಿತು, ಮುಂಬೈಯ ಗಿರಾಕಿಗೆ ಮ್ಯಾನೇಜರೇ ಬೇಕಂತೆ. ಗಡಿಯಾರ ನೋಡಿದೆ. ಆರು ನಿಮಿಷ ಆಗಿತ್ತು. ಕಟ್ ಮಾಡಿದೆ.

ಸಾಹೇಬರು ಹೊರಗೆ ಬಂದು "ದಟ್ಸ್ ಇಟ್, ದಟ್ಸ್ ಇಟ್" ಎಂದು ನಗುತ್ತ ನನಗೆ ಥ್ಯಾಂಕ್ಸ್ ಹೇಳಿದರು. ದೊಡ್ಡ ಮನುಷ್ಯರು, ಹುಡುಗಿಗೆ ಬೇಜಾರಾಗಬಾರದೆಂದು ಹಾಗೆ ಹೇಳಿದರು ಎಂದುಕೊಂಡೆವು. ಮುಂದಿನ ವಾರ ಅವರು ಊರಿಗೆ ಹೊರಟುಹೋದರು. ನಮ್ಮವರು ಮಾತ್ರ ನೇರವಾಗಿ ಬೋರ್ಡಿನ ಹತ್ತಿರ ಬಂದು, "ಏನ್ ಮೇಡಂ, ಹಾಡು ನಡುವ ಕಡದ್ರಲ್ಲ, ಅಡಿಗಿ ಅರ್ಧಕ್ಕ ಒಲಿ ಆರಿಸ್ತೀರೇನು?" ಎಂದು ಜಗಳಕ್ಕೆ ನಿಂತರು. ನಮ್ಮ ಪರಿಚಯವಾದದ್ದು ಹಾಗೆ.

ಅಲ್ಲಿಂದ ಮೂವತ್ತು ವರ್ಷ ನಮ್ಮ ಮನೆಯಲ್ಲಿ ಆ ಸಿಳ್ಳೆ ನಡೆಯಿತು. ಗಡ್ಡ ಕೆರೆಯುವಾಗ, ಸ್ಕೂಟರ್ ಒರೆಸುವಾಗ, ಸೊಪ್ಪು ಬಿಡಿಸುವಾಗ. ಮೊದಲ ಭಾಗ, ಆಮೇಲೆ ಫೋನಿನಲ್ಲಿ ಒಂದೇ ಸಲ ಕೇಳಿದ ಎರಡನೇ ಭಾಗ, ಕೊನೆಗೆ ನಾನು ಕಟ್ ಮಾಡಿದ ಜಾಗ. ಅಲ್ಲಿ ಸ್ವರ ಎತ್ತಿದ ಕಾಲು ಕೆಳಗಿಡದ ಹಾಗೆ ಗಾಳಿಯಲ್ಲೇ ನಿಲ್ಲುತ್ತಿತ್ತು. ನಾನು ಬೇಕೆಂದೇ "ಆಮೇಲೆ?" ಎನ್ನುತ್ತಿದ್ದೆ. "ಆಮ್ಯಾಲೇನೈತಿ? ಷಡ್ಜಕ್ಕ ಬಂದು ಕುಂದರಬೇಕಿತ್ತು. ಅಷ್ಟರಾಗ ನೀ ಕಟ್ ಮಾಡೀದಿ" ಎನ್ನುತ್ತಿದ್ದರು. ನಮ್ಮ ಹಾಡು ಯಾವುದೇ ಇರಲಿ, ಎಲ್ಲಿ ಸುತ್ತಿದರೂ ಷಡ್ಜಕ್ಕೆ ಬಂದು ಕೂತರೇ ಮುಗಿದ ಲೆಕ್ಕ. ಇದು ಕೂರಲಿಲ್ಲ ಎಂದ ಮೇಲೆ ಉಳಿದದ್ದು ಇನ್ನೂ ಇದೆ ಎಂಬುದರಲ್ಲಿ ನಮಗಿಬ್ಬರಿಗೂ ಅನುಮಾನವಿರಲಿಲ್ಲ.

ಅವರು ಹೋಗಿ ಎರಡು ವರ್ಷವಾಯಿತು. ಇದ್ದಾಗ ತಮಾಷೆಯಾಗಿದ್ದ ಮಾತು ಹೋದ ಮೇಲೆ ಮುಳ್ಳಾಯಿತು. ನನ್ನ ಫೋನಿನಲ್ಲಿ ಅವರ ಫೋಟೋ ಸಾವಿರ ಇವೆ, ಸಿಳ್ಳೆ ಒಂದೂ ಇಲ್ಲ. ದಿನಾ ಕೇಳುವುದನ್ನು ಯಾರು ರೆಕಾರ್ಡ್ ಮಾಡಿಕೊಳ್ಳುತ್ತಾರೆ? ಡೆನಿಸ್ ಸಾಹೇಬರು ಕೆಲವು ವರ್ಷ ಹೊಸವರ್ಷದ ಕಾರ್ಡು ಕಳಿಸುತ್ತಿದ್ದರು. ಬೀರು ಕೆದಕಿ ಒಂದನ್ನು ಹುಡುಕಿ ಅದರ ವಿಳಾಸಕ್ಕೆ ಕಾಗದ ಬರೆದೆ. ಎರಡೂವರೆ ತಿಂಗಳಿಗೆ ಉತ್ತರ ಬಂತು, ಬರೆದವರು ತಂಗಿ ನೋರಾ. ಅಣ್ಣ ತೀರಿಕೊಂಡು ಆರು ವರ್ಷವಾಯಿತು, ಯಾವ ಮಟ್ಟು ಎಂದು ಕಾಗದದಲ್ಲಿ ಹೇಗೆ ತಿಳಿಯುತ್ತದೆ, ಎಂದಾದರೂ ಈ ಕಡೆ ಬಂದರೆ ಕೇಳೋಣ ಎಂದಿತ್ತು. ಅವರು ಉಪಚಾರಕ್ಕೆ ಬರೆದದ್ದು. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ಡಬ್ಲಿನ್‌ನಿಂದ ಬಸ್ಸು

ನೋರಾ ಇರುವುದು ಪಶ್ಚಿಮ ಕಡಲಿನ ದಂಡೆಯ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಡಬ್ಲಿನ್‌ನಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನ.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿತು ಎನ್ನುವುದೇನು, ಬಸ್ಸಿನ ತುಂಬ ಖಾಲಿ ಸೀಟುಗಳೇ. ಕಿಟಕಿ ಸೀಟಿಗಾಗಿ ನಾನೂ ನಮ್ಮವರೂ ಜಗಳವಾಡದ ಪ್ರಯಾಣವೇ ಇಲ್ಲ. ಅವರೇ ಗೆದ್ದು, ಹತ್ತು ನಿಮಿಷಕ್ಕೆ ಗಾಜಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದರು. ಈಗ ಯಾರೂ ಕೇಳುವವರಿಲ್ಲದ ಕಿಟಕಿಯಲ್ಲಿ ಕೂತು ಹೊರಗೆ ನೋಡಿದೆ. ಹಸಿರು, ಕಲ್ಲಿನ ಗೋಡೆ, ಮತ್ತೆ ಹಸಿರು. ನಮ್ಮಲ್ಲಿ ಹಬ್ಬಕ್ಕೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತೇವೆ, ಇಲ್ಲಿ ಕುರಿಯ ಬೆನ್ನಿಗೆ ನೀಲಿ, ಕೆಂಪು ಬಳಿದು ಬಿಟ್ಟಿದ್ದಾರೆ. ಅದು ಶೃಂಗಾರಕ್ಕಲ್ಲವಂತೆ, ಯಾರ ಕುರಿ ಎಂದು ಗುರುತಿಗಂತೆ. ಹೇಳಿದ್ದು ಮುಂದಿನ ಸೀಟಿನ ಹೆಂಗಸು. ಹವಾಮಾನದ ಬಗ್ಗೆ ಕಾಲು ಗಂಟೆ ಮಾತಾಡಿ ತನ್ನ ಸ್ಟಾಪಿನಲ್ಲಿ ಇಳಿದುಹೋದಳು. ಇಳಿಯುವಾಗ ಡ್ರೈವರಿಗೆ "ಥ್ಯಾಂಕ್ಯೂ" ಎಂದಳು. ಅವಳೊಬ್ಬಳೇ ಅಲ್ಲ, ಇಳಿದ ಪ್ರತಿಯೊಬ್ಬರೂ ಹಾಗೆಯೇ ಹೇಳಿದರು. ನಮ್ಮ ತುಮಕೂರು ರಸ್ತೆಯ ಬಸ್ಸುಗಳಲ್ಲಿ ನಾನು ಇಷ್ಟು ವರ್ಷ ಓಡಾಡಿದ್ದೇನೆ, ಡ್ರೈವರಿಗೆ ಜನ ಹೇಳುವುದನ್ನು ಕೇಳಿದ್ದೇನೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ನಾನಿಳಿಯುವ ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ನಾನು ಎದ್ದು, ಬ್ಯಾಗು ಎದೆಗವುಚಿಕೊಂಡು ಬಾಗಿಲ ಹತ್ತಿರ ಹೋಗಿ ಕಂಬ ಹಿಡಿದು ನಿಂತೆ. ಅಷ್ಟು ಮೊದಲು ಏಳದಿದ್ದರೆ ನಮ್ಮಲ್ಲಿ ಇಳಿಯಲಾಗುವುದಿಲ್ಲ, ಮಾದನಾಯಕನಹಳ್ಳಿಯಲ್ಲಿ ಇಳಿಯಬೇಕಾದವರು ಮುಂದಿನ ಸ್ಟಾಪಿನಿಂದ ನಡೆದು ಬರಬೇಕಾಗುತ್ತದೆ. ಡ್ರೈವರ್ ಗಾಬರಿಯಾಗಿ ಬಸ್ಸನ್ನೇ ಪಕ್ಕಕ್ಕೆ ನಿಲ್ಲಿಸಿದ.

"ಮೇಡಂ, ಹುಷಾರಿಲ್ವಾ? ವಾಂತಿ ಬರ್ತಿದೆಯಾ?"

"ಇಲ್ಲಪ್ಪ, ಇಳೀಬೇಕು."

"ಬಸ್ಸು ನಿಂತ ಮೇಲೆ ಏಳಿ. ನಿಮ್ಮನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಬಸ್ಸಿನಲ್ಲಿದ್ದ ನಾಲ್ಕು ಜನರೂ ನನ್ನನ್ನೇ ನೋಡಿದರು. ಹೋಗಿ ಕೂತೆ. ನಿಮ್ಮನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂಬ ಮಾತು ಕೇಳಿ ಎರಡು ವರ್ಷವಾಗಿತ್ತು. ಅದನ್ನು ಒಬ್ಬ ಬಸ್ ಡ್ರೈವರ್ ಹೇಳಬೇಕಾಯಿತಲ್ಲ ಎಂದು ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇಳಿಯುವಾಗ ಉಳಿದವರಿಗಿಂತ ಜೋರಾಗಿ ಥ್ಯಾಂಕ್ಯೂ ಹೇಳಿದೆ.

ಕಡಲ ದಂಡೆಯ ಊರು, ಎರಡು ದಿನ

ನೋರಾ ಬರಹೇಳಿದ್ದುದು ಗುರುವಾರ. ನಾನು ತಲುಪಿದ್ದು ಮಂಗಳವಾರ. ಆಪರೇಟರ್ ಆಗಿದ್ದವಳಿಗೆ ಎಲ್ಲರನ್ನೂ ಹೋಲ್ಡ್ ಮಾಡಿಸಿ ಗೊತ್ತೇ ಹೊರತು ತಾನು ಹೋಲ್ಡಿನಲ್ಲಿ ಇದ್ದು ಅಭ್ಯಾಸವಿಲ್ಲ. ಆ ಎರಡು ದಿನ ಕಳೆಯುವುದು ಕಷ್ಟವಾಯಿತು.

ಉಳಿದುಕೊಂಡ ಮನೆಯ ಒಡತಿ ಮೂವತ್ತರ ಹೆಂಗಸು, ಒಳ್ಳೆಯವಳೇ. ಹೋದ ತಕ್ಷಣ "ಟೀ ಕುಡೀತೀರಾ?" ಎಂದಳು. ನಾನು ಮರ್ಯಾದೆಗೆ "ಬೇಡಮ್ಮ, ಪರವಾಗಿಲ್ಲ" ಎಂದೆ. "ಸರಿ" ಎಂದು ಹೊರಟೇಹೋದಳು! ನಮ್ಮಲ್ಲಿ ಮೊದಲನೇ 'ಬೇಡ' ಲೆಕ್ಕಕ್ಕಿಲ್ಲ, ಎರಡನೆಯದಕ್ಕೆ ನೀರಿಟ್ಟಿರುತ್ತಾರೆ, ಮೂರನೆಯದಕ್ಕೆ ಲೋಟ ಕೈಯಲ್ಲಿರುತ್ತದೆ. ಸಂಜೆ ಸೂಪು ಬೇಕೇ ಎಂದಾಗಲೂ ಅಭ್ಯಾಸಬಲದಿಂದ ಬೇಡ ಎಂದುಬಿಟ್ಟೆ. ಹೊಟ್ಟೆ ತಾಳ ಹಾಕುತ್ತಿತ್ತು. ಶರಣಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ಕೋಣೆಯಲ್ಲಿ ಒಬ್ಬಳೇ ಕಟುಂ ಕಟುಂ ಎಂದು ತಿಂದೆ. ಸ್ನಾನದ ಮನೆಯ ಸೂರಿನಿಂದ ಒಂದು ದಾರ ಇಳಿಬಿದ್ದಿತ್ತು. ಅಪಾಯಕ್ಕೆ ಎಳೆಯುವ ಗಂಟೆ ಇರಬೇಕೆಂದು ಅದನ್ನು ಮುಟ್ಟದೆ ಎರಡು ದಿನವೂ ತಣ್ಣೀರು ಸುರಿದುಕೊಂಡೆ. ಅದನ್ನು ಎಳೆದರೇ ಬಿಸಿನೀರು ಬರುವುದಂತೆ.

ಬುಧವಾರ ಸಂಜೆ ಬೀದಿಯಲ್ಲಿ ನಡೆಯುತ್ತಿದ್ದಾಗ ಪಬ್ಬೊಂದರಿಂದ ಪಿಟೀಲು ಕೇಳಿಸಿತು. ಹೆಂಡದಂಗಡಿಗೆ ಕಾಲಿಟ್ಟವಳಲ್ಲ ನಾನು. ಬಾಗಿಲಲ್ಲಿ ಸ್ವಲ್ಪ ಹೊತ್ತು ಅನುಮಾನಿಸಿ, ಇಲ್ಲಿ ನನ್ನನ್ನು ಯಾರು ಬಲ್ಲರು ಎಂದು ಒಳಗೆ ಹೋದೆ. ಐದಾರು ಜನ ಸಣ್ಣ ಮೇಜಿನ ಸುತ್ತ, ಕೇಳುವವರಿಗೆ ಬೆನ್ನು ಹಾಕಿ, ತಮ್ಮ ಪಾಡಿಗೆ ತಾವು ನುಡಿಸುತ್ತಿದ್ದರು. ವೇದಿಕೆಯಿಲ್ಲ, ಮೈಕಿಲ್ಲ, ಹಾರವಂತೂ ಇಲ್ಲ. ಯಾವ ಮಟ್ಟಿನ ಹೆಸರನ್ನೂ ಹೇಳುವುದಿಲ್ಲ. ಒಂದು ಮುಗಿಯಿತೇ ಎನ್ನುವಷ್ಟರಲ್ಲಿ ಇನ್ನೊಂದರೊಳಗೆ ಹೋಗಿಬಿಟ್ಟಿರುತ್ತಾರೆ. ತಕಿಟ ತಕಿಟ ನಡೆ ಬಂದಾಗಲೆಲ್ಲ ನನ್ನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಎದೆ ಇದೇ ಇರಬಹುದೇ ಎಂದು ಹೊಡೆದುಕೊಳ್ಳುತ್ತಿತ್ತು. ಒಂದೂ ಅದಾಗಿರಲಿಲ್ಲ.

ಪಿಟೀಲಿನವನೊಬ್ಬ ನನ್ನ ತಾಳ ನೋಡಿ ನಕ್ಕು, "ಯಾವುದಾದ್ರೂ ಬೇಕಾ?" ಎಂದು ಕೇಳಿದ.

"ಒಂದು ಜಿಗ್ ಹುಡುಕ್ತಿದೀನಿ. ಹೆಸರು ಗೊತ್ತಿಲ್ಲ."

"ಹೆಸರು ಯಾರಿಗೂ ಗೊತ್ತಿರಲ್ಲ ಬಿಡಿ. ಗುನುಗಿ ನೋಡೋಣ."

ಮೇಜಿನ ಸುತ್ತಿನವರೆಲ್ಲ ತಿರುಗಿದರು. ಮೂವತ್ತು ವರ್ಷ ಕೇಳಿದ್ದೇನೆ, ಒಂದು ದಿನವೂ ನಾನು ಬಾಯಿಬಿಟ್ಟು ಅಂದಿರಲಿಲ್ಲ. "ಆಮೇಲೆ ಹೇಳ್ತೀನಿ" ಎಂದು ಎದ್ದು ಬಂದೆ. ಸಂಜೆ ಎಂಟಾಗಿದ್ದರೂ ಹೊರಗೆ ಮಧ್ಯಾಹ್ನದಂತೆ ಬೆಳಕಿತ್ತು. ಕಡಲ ಗೋಡೆಯ ಮೇಲೆ ಕೂತು ಮನಸ್ಸಿನೊಳಗೇ ಮಟ್ಟು ಹಿಡಿಯಲು ನೋಡಿದೆ. ಎರಡನೇ ಭಾಗದಲ್ಲಿ ಒಂದು ಕಡೆ ತಡವರಿಸಿತು. ಆಗ ನಿಜವಾಗಿ ಹೆದರಿಕೆಯಾಯಿತು. ಪ್ರಪಂಚದಲ್ಲಿ ಅವರ ಸಿಳ್ಳೆ ಉಳಿದಿರುವುದು ನನ್ನ ತಲೆಯಲ್ಲಿ ಮಾತ್ರ, ಅಲ್ಲೂ ಸವೆಯುತ್ತಿದೆ. ಜನ ನಾಯಿಗಳನ್ನು ಕರೆದುಕೊಂಡು ಹೋಗುತ್ತ ಒಬ್ಬೊಬ್ಬರೂ ನನಗೆ ತಲೆಯಾಡಿಸಿದರು, ಯಾರೂ ನಿಲ್ಲಲಿಲ್ಲ. ಅಷ್ಟು ಒಂಟಿಯೆಂದು ಅವರು ಹೋದ ದಿನವೂ ನನಗೆ ಅನಿಸಿರಲಿಲ್ಲ. ಆ ದಿನ ಮನೆ ತುಂಬ ಜನರಿದ್ದರು.

ಗುರುವಾರ, ನೋರಾ ಅವರ ಅಡುಗೆಮನೆ

ನೋರಾ ಅವರಿಗೆ ಎಂಬತ್ತೊಂದು. ಬಾಗಿಲು ತೆಗೆದು ನನ್ನ ಎರಡೂ ಕೈ ಹಿಡಿದು, "ಬೆಂಗಳೂರಿನ ಆಪರೇಟರ್! ನಿನ್ನ ಧ್ವನಿ ಹಾಗೇ ಇದೆಯಲ್ಲ" ಎಂದರು. ಪ್ರತಿ ಶನಿವಾರ "ಪ್ಲೀಸ್ ಹೋಲ್ಡ್ ಆನ್" ಎಂದಿದ್ದ ಧ್ವನಿ ಅವರಿಗೆ ನೆನಪಿತ್ತು. ಮಾತಿಗೊಮ್ಮೆ ನನ್ನನ್ನು 'ಪೆಟ್' ಎನ್ನುತ್ತಿದ್ದರು. ನಮ್ಮಲ್ಲಿ 'ಕಂದ' ಎನ್ನುವ ಹಾಗೆ. ಐವತ್ತೆಂಟರ ಹೆಂಗಸನ್ನು ಕಂದ ಎಂದು ಕರೆಯುವವರು ನನ್ನ ಪಾಲಿಗೆ ಇನ್ನಾರೂ ಉಳಿದಿಲ್ಲ.

ನಾನು ಅಭ್ಯಾಸದಂತೆ ಹೊಸಿಲಾಚೆ ಶೂ ಬಿಟ್ಟು ಒಳಗೆ ಹೋದೆ. ಅವರು ಅದನ್ನು ನೋಡಿ, ಅಯ್ಯೋ ಪಾಪ, ಶೂ ಒದ್ದೆಯಾಗಿದೆ ಎಂದು ತಿಳಿದು, ನನಗೆ ಹೇಳದೆ ತಂದು ಒಲೆಯ ಬಾಯಿಗೆ ಒರಗಿಸಿಟ್ಟರು. ಅಲ್ಲಿಯ ಒಲೆಯಲ್ಲಿ ಉರಿಸುವುದು ಸೌದೆಯಲ್ಲ, ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಇಟ್ಟಿಗೆ. ಹೊಗೆಯ ವಾಸನೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಅದರೊಳಗೆ ರಬ್ಬರ್ ಸುಟ್ಟ ವಾಸನೆಯೂ ಸೇರಿತು. ಎತ್ತಿ ನೋಡಿದರೆ ಬಲಗಾಲಿನ ಅಟ್ಟೆ ಕರಗಿ ಬಾಗಿತ್ತು. ನೋರಾ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಟೀ ಬೇಕೇ ಎಂದರು, ಬೇಡ ಎಂದೆ. "ಒಂದು ಗುಟುಕು?" ಬೇಡ. "ಬಾಯಿ ಒದ್ದೆಯಾಗೋಷ್ಟು?" ಎಂದು ಕೇಳುವಾಗಲೇ ಲೋಟ ನನ್ನ ಮುಂದಿತ್ತು. ಇದು ನಮ್ಮ ಜನ ಎಂದುಕೊಂಡೆ.

ಗೋಡೆಯ ಮೊಳೆಯಲ್ಲಿ ಪಿಟೀಲು ನೇತಾಡುತ್ತಿತ್ತು. ನನ್ನ ಕಣ್ಣು ಅಲ್ಲಿ ಹೋದದ್ದನ್ನು ನೋಡಿ ನೋರಾ ಎರಡೂ ಕೈ ಮೇಜಿನ ಮೇಲಿಟ್ಟರು. ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಊದಿದ್ದವು.

"ನಾಲ್ಕು ವರ್ಷ ಆಯ್ತು ಕಂದ, ಮುಟ್ಟಿ. ಆಸ್ಪತ್ರೆಗೆ ಓಡಾಡೋದೂ ಇದಕ್ಕೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅವರು ನನ್ನ ಮುಖ ನೋಡಿ, "ಮೊದಲು ಯಾವುದು ಅಂತ ಹೇಳು. ಡೆನಿಸ್ ನನ್ನ ಹತ್ತಿರ ಎಷ್ಟೋ ಕೇಳ್ತಿದ್ದ" ಎಂದರು.

ತನನ ತನನ ಎಂದು ಗುನುಗಿದೆ. ಎರಡು ಸಲ ಗುನುಗಿದರೂ ಗುರುತು ಸಿಗಲಿಲ್ಲ. ನನ್ನ ಗುನುಗಿನಲ್ಲಿ ದೇವರನಾಮದ ಎಳೆತ ಸೇರಿಕೊಳ್ಳುತ್ತಿತ್ತು. "ನಿನ್ನ ಯಜಮಾನರು ಹೇಗೆ ಹಾಡ್ತಿದ್ರು?" ಎಂದರು. ಹಾಡುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿದ್ದರು ಎಂದೆ. "ಹಾಗಾದ್ರೆ ಸಿಳ್ಳೆ ಹಾಕು."

"ನಮ್ಮಲ್ಲಿ ಹೆಂಗಸರು ಸಿಳ್ಳೆ ಹಾಕಬಾರದು."

"ನಮ್ಮಲ್ಲೂ ಬಾರದು. ಸಿಳ್ಳೆ ಹಾಕೋ ಹೆಂಗಸು, ಕೂಗೋ ಹೇಂಟೆ, ಎರಡೂ ಮನೆಗೆ ಆಗಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು. ಈ ಮನೇಲಿ ಈಗ ಇರೋರು ಯಾರು? ನೀನು, ನಾನು. ಹಾಕು."

ಹಾಕಿದೆ. ಮೊದಲು ಬರೀ ಗಾಳಿ ಬಂತು. ಟೀ ಕುಡಿದು ತುಟಿ ಒದ್ದೆಮಾಡಿಕೊಂಡು ಮತ್ತೆ ಹಾಕಿದೆ. ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಅವರನ್ನು ನೆನೆಸಿಕೊಂಡೆ. ಸ್ವರ ಬಂತು. ತಡವರಿಸಿದ್ದ ಜಾಗವೂ ತಾನಾಗಿಯೇ ದಾಟಿತು. ಕಟ್ ಆದ ಜಾಗಕ್ಕೆ ಬಂದು ನಿಂತೆ.

ನೋರಾ ಎದ್ದಿದ್ದರು. ಪಿಟೀಲು ಇಳಿಸಿ, ಸಡಿಲಾಗಿದ್ದ ತಂತಿಗಳನ್ನು ಒಂದೊಂದಾಗಿ ಬಿಗಿದರು. "ನಿಧಾನ ಆಗತ್ತೆ" ಎಂದು ಕಮಾನು ಎತ್ತಿದರು.

ನಿಧಾನವೇ ಆಯಿತು. ನಡುನಡುವೆ ಬೆರಳು ತಪ್ಪಿದವು. ಆದರೆ ಅದೇ ಮಟ್ಟು. ಮೊದಲ ಭಾಗ ಬಂತು, ಎರಡನೆಯದು ಬಂತು. ಆ ಜಾಗ ಹತ್ತಿರವಾದಂತೆ ನಾನು ಮೇಜಿನ ಅಂಚು ಹಿಡಿದೆ. ಬಂತು, ಗಾಳಿಯಲ್ಲಿ ನಿಂತ ಸ್ವರ. ಇನ್ನು ಮೂವತ್ತೆರಡು ವರ್ಷ ಕಾದದ್ದು ಬರಬೇಕು. ಕಮಾನು ನಿಲ್ಲಲಿಲ್ಲ. ಬಂದದ್ದು ಮೊದಲ ಭಾಗ.

"ಅಲ್ಲ ಅಲ್ಲ, ಮುಂದಿನದು" ಎಂದೆ. "ಅಲ್ಲಿಂದ ಮುಂದೆ."

"ಮುಂದೆ ಇದೇ. ಮೊದಲಿನಿಂದ."

"ಅಲ್ಲಿಗೆ ಮುಗಿಯಲ್ಲವಲ್ಲ. ಸ್ವರ ಇನ್ನೂ ಕೂತಿಲ್ಲ."

"ಕೂರಬಾರದು ಕಂದ. ಕೂತರೆ ಕುಣಿಯೋರೂ ಕೂತುಬಿಡ್ತಾರೆ. ಹಾಗೆ ತೆರೆದಿಟ್ಟರೇ ತಿರುಗಿ ಮೊದಲಿಗೆ ಹೋಗೋಕೆ ದಾರಿ. ಸುತ್ತಿ ಸುತ್ತಿ ನುಡಿಸಿ, ಸಾಕು ಅನಿಸಿದಾಗ ಕಮಾನು ಎತ್ತಿಬಿಡೋದು. ಇದು ಇರೋದೇ ಇಷ್ಟು."

ನಾನು ಫೋನಿನ ಕಥೆ ಹೇಳಿದೆ. ಆರು ನಿಮಿಷ, ಮುಂಬೈಯ ದೀಪ, ನಾನು ಕಟ್ ಮಾಡಿದ್ದು, ನಮ್ಮವರು ಜೀವಮಾನವಿಡೀ ಅಲ್ಲಿಗೇ ನಿಲ್ಲಿಸಿದ್ದು, ಎಲ್ಲ. ನೋರಾ ಕಣ್ಣು ಕಿರಿದು ಮಾಡಿ ಕೇಳಿದರು. "ಆ ಶನಿವಾರ ನನಗೆ ನೆನಪಿದೆ. ರಿಸೀವರ್ ಈ ಮೇಜಿನ ಮೇಲಿಟ್ಟು ಮೂರು ಸುತ್ತು ನುಡಿಸಿದೆ. ಎತ್ತಿ ನೋಡಿದರೆ ಲೈನು ಸತ್ತಿತ್ತು. ಎಷ್ಟು ಕೇಳಿಸ್ತೋ ಅಂದ್ಕೊಂಡೆ. ನೀನು ಮೊದಲನೇ ಸುತ್ತು ಮುಗಿದ ಗಳಿಗೆಗೆ ಸರಿಯಾಗಿ ಕಟ್ ಮಾಡಿದೀಯ. ಒಂದು ಸ್ವರವೂ ಹೋಗಿಲ್ಲ."

ಡೆನಿಸ್ ಸಾಹೇಬರ "ದಟ್ಸ್ ಇಟ್" ಉಪಚಾರವಾಗಿರಲಿಲ್ಲ. ಅವರು ಇದ್ದದ್ದನ್ನೇ ಹೇಳಿದ್ದರು.

ಎದೆ ಹಗುರವಾಯಿತು, ಮರುಗಳಿಗೆಯೇ ಅಳು ಬಂತು. ತಡೆಯಲಿಲ್ಲ, ಜೋರಾಗಿಯೇ ಅತ್ತೆ. ನಮ್ಮವರು ತಮಗೆ ಅರ್ಧ ಮಾತ್ರ ಬರುತ್ತದೆ ಎಂದುಕೊಂಡೇ ಹೋದರು. ಅವರಿಗೆ ಇಡೀ ಮಟ್ಟು ಬರುತ್ತಿತ್ತು. ಈ ಸುದ್ದಿ ಕೇಳಿ ಖುಷಿಪಡಬೇಕಾದವರು ಪ್ರಪಂಚದಲ್ಲಿ ಅವರೊಬ್ಬರೇ, ಅವರಿಗೆ ಹೇಳಲು ನನ್ನ ಹತ್ತಿರ ಯಾವ ಲೈನೂ ಇಲ್ಲ. ನೋರಾ ಇನ್ನೊಂದು ಲೋಟ ಟೀ ಇಟ್ಟರು.

ಆಮೇಲೆ ಅವರು ಮಟ್ಟಿನ ಹುಟ್ಟಿನ ಕಥೆ ಹೇಳಿದರು. ಅವರ ತಾಯಿ ಕಲಿತದ್ದು ತಗಡಿನ ಕೆಲಸದವನೊಬ್ಬನಿಂದ. ಮನೆಮನೆಗೆ ಬಂದು ತೂತಾದ ಹಾಲಿನ ಕ್ಯಾನು, ಬಕೆಟ್ಟು ಬೆಸೆದುಕೊಡುತ್ತಿದ್ದನಂತೆ, ನಮ್ಮ ಕಲಾಯಿಯವರ ಹಾಗೆ. ರಾತ್ರಿ ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಅವನ ಪಿಟೀಲೂ ತಗಡಿನದೇ, ಅವನೇ ಬಡಿದು ಮಾಡಿಕೊಂಡದ್ದು. ಅವನಿಗೆ ಮಟ್ಟು ಎಲ್ಲಿಂದ ಬಂತು ಎಂದರೆ, ಒಂದು ಮನೆಯಲ್ಲಿ ಸೇತುವೆ ಕೆಳಗಿನ ದೆವ್ವ ಕಲಿಸಿತು ಎನ್ನುತ್ತಿದ್ದ, ಇನ್ನೊಂದರಲ್ಲಿ ಯುದ್ಧದಿಂದ ಮರಳಿದ ಸಿಪಾಯಿ ಎನ್ನುತ್ತಿದ್ದ. ಊಟ ಚೆನ್ನಾಗಿದ್ದ ಮನೆಯಲ್ಲಿ ಆ ಮನೆಯ ಅಜ್ಜನಿಂದಲೇ ಕಲಿತೆ ಎನ್ನುತ್ತಿದ್ದ. ತಗಡು ಬಡಿಯುವವನ ಮಟ್ಟು ಸುತ್ತಿ ಬಂದು ಪೀಣ್ಯದ ತಗಡಿನ ಪ್ರೆಸ್ಸಿನ ಪಕ್ಕ ಮೂವತ್ತು ವರ್ಷ ಇತ್ತು ಎಂದು ನಾನು ಹೇಳಿದೆ. ಅವರಿಗೆ ಅದು ಬಹಳ ಇಷ್ಟವಾಯಿತು.

"ಹೆಸರಿಲ್ಲದ ಮಟ್ಟಿಗೆ ನಾವು ಯಾರ ಬಾಯಿಂದ ಕೇಳಿದೆವೋ ಅವರ ಹೆಸರಿಡ್ತೀವಿ. ನಿನ್ನ ಯಜಮಾನರ ಹೆಸರೇನು?"

ಗಂಡನ ಹೆಸರು ಬಾಯಿಬಿಟ್ಟು ಹೇಳುವ ಪದ್ಧತಿ ನನಗಿಲ್ಲ. ಆ ದಿನ ಹೇಳಿದೆ. ನೋರಾ ಎರಡು ಮೂರು ಸಲ ನಾಲಿಗೆಯಲ್ಲಿ ತಿರುಗಿಸಿ, "ಈರಣ್ಣಾಸ್ ಜಿಗ್" ಎಂದರು. ಹೊರಡುವಾಗ ಕರಗಿದ ಶೂ ಬದಲು ತಮ್ಮ ತೋಟದ ಹಸಿರು ಗಂಬೂಟು ತೊಡಿಸಿದರು. ಒಂದು ಸೈಜು ದೊಡ್ಡದು.

ಮಾದನಾಯಕನಹಳ್ಳಿ, ಮರಳಿ

ಅದೇ ಬೂಟಿನಲ್ಲಿ ವಿಮಾನ ಹತ್ತಿ ಅದೇ ಬೂಟಿನಲ್ಲಿ ನಮ್ಮ ಬೀದಿಯಲ್ಲಿ ಇಳಿದೆ. "ಏನ್ ಅಕ್ಕ, ಫಾರಿನ್ನಲ್ಲಿ ಗದ್ದೆ ನಾಟಿಗೆ ಓಗಿದ್ರಾ?" ಎಂದು ಎದುರುಮನೆಯ ಗೌಡರು ಕೇಳಿದರು. "ಊಂ ಕಣಣ್ಣ, ಬೆಳೆ ಚೆನ್ನಾಗೈತೆ" ಎಂದೆ.

ಮನೆ ಹೋದಾಗ ಹೇಗಿತ್ತೋ ಹಾಗೇ ಇತ್ತು. ಬೀಗ ತೆಗೆದಾಗ ಒಳಗಿನಿಂದ ಮುಚ್ಚಿದ ಮನೆಯ ವಾಸನೆ ಬಂತು. ಹೋಗುವಾಗ ಒಂದು ಕೆಲಸವಿತ್ತು. ಈಗ ಅದೂ ಮುಗಿದಿತ್ತು. ಫೋಟೋದ ಮುಂದೆ ದೀಪ ಹಚ್ಚಿ, "ನಾನು ಏನೂ ಕಟ್ ಮಾಡಿರ್ಲಿಲ್ಲ ಕಣ್ರೀ. ಅದು ಇರೋದೇ ಅಷ್ಟು. ನಿಮಗೆ ಪೂರ್ತಿ ಬರ್ತಿತ್ತು" ಎಂದೆ.

ಸಂಜೆ ತಾರಸಿಗೆ ಹೋದೆ. ಹೆದ್ದಾರಿಯ ಕಡೆ ಗೋಡೌನಿನ ಮುಂದೆ ಲಾರಿಗಳು ಸಾಲು ನಿಂತು ರಿವರ್ಸ್ ಹಾರ್ನು ಕುಂಯ್ಗುಡುತ್ತಿದ್ದವು. ಶರಣಮ್ಮ ಕೆಲಸದಿಂದ ಬಂದು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳಿದ್ದಾಳೆಂದು ನಾಚಿಕೆಯಾಯಿತು. ಆದರೂ ತುಟಿ ಒದ್ದೆ ಮಾಡಿಕೊಂಡು ಸಿಳ್ಳೆ ಹಾಕಿದೆ. ಅವಳು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನಿಂತಳು. ಮೊದಲ ಭಾಗ, ಎರಡನೇ ಭಾಗ, ಆ ಜಾಗ. ಅಲ್ಲಿಗೆ ಬಂದದ್ದೇ ತಡ, ಮೂವತ್ತು ವರ್ಷದ ಅಭ್ಯಾಸ, ನನ್ನ ಉಸಿರು ತಾನಾಗಿ ನಿಂತಿತು.

ಶರಣಮ್ಮ ಬಟ್ಟೆ ಹೆಗಲಿಂದ ಇಳಿಸಿ ನನ್ನ ಕಡೆ ತಿರುಗಿದಳು.

"ಆಮ್ಯಾಲ್ರೀ ಅಕ್ಕಾರ?" ಎಂದಳು.

ನಾನು ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ.